ಸೆಲ್ವಿಯ ಆಡಿನ ಕಾಲು

ರೀ,

ಕಳೆದ ತಿಂಗಳು ಮಳೆ ನಿಂತ ಮರುದಿನ ಬೆಳಿಗ್ಗೆ ಯಾರೋ ಗೇಟು ಬಡಿದರು. ನೋಡಿದರೆ ಸೆಲ್ವಿ, ಕೋಯಂಬೇಡು ತರಕಾರಿ ಮಾರ್ಕೆಟ್ಟಿನ ಹಿಂದೆ ಆಡು ಸಾಕುವ ನಿಮ್ಮ ಹಳೇ ಗಿರಾಕಿ. ಗಬ್ಬದ ಆಡೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ಅದು ಮುಂಗಾಲು ಊರಲಾರದೆ ಮಂಡಿಯ ಮೇಲೆ ನಿಂತಿತ್ತು. “ಡಾಕ್ಟರ್ ಸಾರ್ ಇರುಕ್ಕಾರಾಮ್ಮಾ?” ಎಂದಳು. “ಪೋಯಿಟ್ಟಾರು”, ಹೋಗಿಬಿಟ್ಟರು, ಎಂದೆ. “ಎಪ್ಪೋ ವರುವಾರು?” ಅಂದಳಲ್ಲ! ಯಾವಾಗ ಬರುತ್ತಾರೆ ಎಂದರೆ ನಾನೇನು ಹೇಳಲಿ? ಈ ಎಂಟು ತಿಂಗಳಲ್ಲಿ ಮನೆಗೆ ಬಂದವರಿಗೆಲ್ಲ ವಿಷಯ ಮೊದಲೇ ಗೊತ್ತಿರುತ್ತಿತ್ತು. ನೀವು ತೀರಿಕೊಂಡಿರೆಂದು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ತಮಿಳಿನಲ್ಲಿ. ಸೆಲ್ವಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನೀವು ಹಿತ್ತಲ ನಲ್ಲಿಯ ಹತ್ತಿರ ಆಡುಗಳ ಗೊರಸು ಕೆರೆಯುವಾಗ ಆ ಕೊಳೆತ ವಾಸನೆಗೆ ನಾನು ಅಡುಗೆಮನೆ ಕಿಟಕಿ ಮುಚ್ಚುತ್ತಿದ್ದೆ, ನೆನಪಿದೆಯೇ? “ಮೂವತ್ತು ವರ್ಷ ಆಯ್ತು, ಇನ್ನೂ ಅಭ್ಯಾಸ ಆಗ್ಲಿಲ್ವೇನೇ?” ಎಂದು ನಗುತ್ತಿದ್ದಿರಿ. ಅವತ್ತು ಅದೇ ನಲ್ಲಿಯ ಹತ್ತಿರ ನಾನೇ ಕೂತಿದ್ದೆ.

ನಿಮ್ಮ ಕೈಕೆಳಗೆ ಕೆಲಸ ಕಲಿತ ಕವಿತಾಗೆ ಫೋನ್ ಮಾಡಿದೆ. ತಕ್ಷಣ ಬಂದಳು. ಕೊಳೆತ ಸೊಪ್ಪಿನ ಕೆಸರಿನಲ್ಲಿ ದಿನವಿಡೀ ನಿಂತು ಆಡಿನ ಗೊರಸಿನ ಸಂದಿಯಲ್ಲಿ ಹುಣ್ಣಾಗಿತ್ತು. ನಾನು ಕಾಲು ಹಿಡಿದುಕೊಂಡೆ. ಅವಳು ಸಡಿಲವಾದ ಗೊರಸನ್ನು ಚೂರುಚೂರೇ ಕತ್ತರಿಸಿ, ಕಾಲನ್ನು ಔಷಧದ ನೀರಿನಲ್ಲಿ ಅದ್ದಿ, ಇಂಜೆಕ್ಷನ್ ಕೊಟ್ಟಳು. ಆಡು ಕೊಸರಿದಾಗ ನನ್ನ ಬಾಯಿಂದ “ಆಯ್ತು ಕಣವ್ವ, ಇನ್ನೊಂಚೂರು” ಎಂದು ಬಂದುಬಿಟ್ಟಿತು. ಆಡುಗಳಿಗೆ ನೀವು ಹೇಳುತ್ತಿದ್ದ ಮಾತು. ಕವಿತಾ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ನೀವು ಹೋದ ಮೇಲೆ ಈ ಮನೆಯಲ್ಲಿ ಕನ್ನಡ ಕೇಳಿಸಿದ್ದು ಅವತ್ತೇ ಮೊದಲಿರಬೇಕು. ಮೊಮ್ಮಗಳು ಫೋನಿನಲ್ಲೂ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಇನ್ಯಾರ ಜೊತೆ ನಾನು...

ಹತ್ತು ದಿನವಾದರೂ ಒಣ ನೆಲದ ಮೇಲೆ ಕಟ್ಟಬೇಕು ಎಂದು ಕವಿತಾ ಹೇಳಿದಾಗ ಸೆಲ್ವಿ ತಲೆ ತಗ್ಗಿಸಿದಳು. ಅವಳ ಗುಡಿಸಲ ಸುತ್ತ ಇನ್ನೂ ಮಳೆನೀರು. “ಇಲ್ಲೇ ಇರಲಿ” ಎಂದುಬಿಟ್ಟೆ. ನಿಮ್ಮ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ ಕಟ್ಟಿದೆವು. ಹತ್ತು ದಿನವೂ ಕಾಲು ತೊಳೆದೆ, ಒರೆಸಿದೆ, ಔಷಧಿ ಹಚ್ಚಿದೆ. ಮಧ್ಯಾಹ್ನ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನಮ್ಮೂರಿನ ಸುದ್ದಿಯನ್ನೆಲ್ಲ ಹೇಳಿದೆ. ಅದು ಮೆಲುಕು ಹಾಕುತ್ತ ಕೇಳುತ್ತಿತ್ತು.

ಹನ್ನೊಂದನೇ ದಿನ ಅದು ನಾಲ್ಕೂ ಕಾಲೂರಿ ಸೆಲ್ವಿಯ ಹಿಂದೆ ಹೊರಟಿತು, ತಿರುಗಿಯೂ ನೋಡಲಿಲ್ಲ. ಸಂತೋಷಪಡಬೇಕಲ್ಲವೇ? ಆ ಮಧ್ಯಾಹ್ನ ಕುರ್ಚಿ ಒಳಗೆ ತರಲು ಮನಸ್ಸಾಗಲಿಲ್ಲ.

ನೆನ್ನೆ ಸೆಲ್ವಿ ಫೋನ್ ಮಾಡಿದ್ದಳು. ಎರಡು ಮರಿ ಹಾಕಿದೆಯಂತೆ, ಎರಡೂ ಗಟ್ಟಿಯಾಗಿವೆಯಂತೆ. ಪಕ್ಕದ ಗುಡಿಸಲಿನವರ ಆಡೂ ಕುಂಟುತ್ತಿದೆಯಂತೆ. ಕರೆದುಕೊಂಡು ಬಾ ಎಂದಿದ್ದೇನೆ.

ನಿಮ್ಮ
ಸುಶೀಲ