ಬಿಸಿಲಿಗೆ ಮಾತ್ರ ಅರಳುವ ಹೂಗಳು

ಪ್ರೀತಿಯ ಅಕ್ಕ,

ಬರ್ಮಿಂಗ್‌ಹ್ಯಾಮಿನ ಗಾಜಿನ ಮನೆಯೊಂದರಲ್ಲಿ ಮರಳು ಹರಡಿ ಪುಟ್ಟ ಮರುಭೂಮಿಯನ್ನೇ ಮಾಡಿಟ್ಟಿದ್ದಾರೆ. ಅಲ್ಲಿನ ಹೂಗಳ ಒಂದು ಒಳ್ಳೆಯ ಫೋಟೊ ಸಿಕ್ಕರೆ ನನ್ನ ಫೋಟೊಗ್ರಫಿ ಎಂ.ಎ. ಮುಗಿದಂತೆ. ಆದರೆ ಅವು ಮಹಾ ಹಟಮಾರಿಗಳು. ಮೋಡವಿದ್ದರೆ ಅರಳುವುದಿಲ್ಲ, ಬಿಸಿಲಿಗೆ ಅರಳಿದರೆ ಫೋಟೊದಲ್ಲಿ ದಳಗಳೆಲ್ಲ ಬರೀ ಬಿಳಿ ಕಲೆಗಳಾಗುತ್ತವೆ.

ಮೊನ್ನೆ ಅಪರೂಪಕ್ಕೆ ಬಿಸಿಲು ಬಂತು. ನಾನು ಊರಿನಿಂದ ಹೊರಡುವಾಗ ನೀನು ರೊಟ್ಟಿ ಸುತ್ತಿಕೊಟ್ಟ ತೆಳು ಧೋತರದ ತುಂಡನ್ನು ನಮ್ಮ ಕಡೆಯವಳೇ ಆದ ಸಹಪಾಠಿ ಮಸರ್ರತ್ ಹೂಗಳ ಮೇಲೆ ಚಪ್ಪರದಂತೆ ಹಿಡಿದಳು. ಬೆಳಕು ಹದವಾಗಿ ಇಳಿಯಿತು.

"ಜಲ್ದಿ ತೆಗೀರಿ ಪ್ರಭಾವತಿ ಅಕ್ಕಾ, ನೆರಳಿಗೆ ಹೂ ಮುಚ್ಚೋ ಮೊದಲು ನನ್ನ ಕೈಯೇ ಬಿದ್ದುಹೋಗುತ್ತೆ!" ಎಂದು ಅವಳ ಗೋಳು.

ಅಷ್ಟರಲ್ಲಿ ಕಾವಲಿನವನು ಬಂದು, ಇಲ್ಲಿ ಬಟ್ಟೆ ಒಣಹಾಕುವಂತಿಲ್ಲ ಎಂದ. ನಗು ತಡೆಯಲಾಗದೆ ಕೈ ಅಲುಗಿ ಫೋಟೊಗಳೆಲ್ಲ ಕೆಟ್ಟವು, ಒಂದನ್ನು ಬಿಟ್ಟು.

ಕುಕ್ಕರುಗಾಲಲ್ಲಿ ಕೂತು ಮಂಡಿ ಹಿಡಿದಿದೆ. ಗಾಬರಿಯಾಗಬೇಡ, ಎಣ್ಣೆ ಹಚ್ಚುತ್ತಿದ್ದೇನೆ.

ನಾನು ಬರೆದಿರುವ ಈ ಕಾರ್ಡು ತಿರುಗಿಸು. ಉಳಿದ ಆ ಒಂದು ಫೋಟೊ ಅದೇ. ದಳದ ಮೇಲಿನ ಸಣ್ಣ ಗೆರೆಗಳೂ ಕಾಣುತ್ತವೆ. ಮೇಷ್ಟರಿಗೆ ಇನ್ನೂ ತೋರಿಸಿಲ್ಲ. ಮೊದಲು ನೀನು ನೋಡು.

ನಿನ್ನ
ಪ್ರಭಾ