ಓದಿ ಹೇಳಲಾಯಿತು

ಜನವರಿ 20, ಸೋಮವಾರ

ಅನ್ನ, ಮೆಂತ್ಯದ ಬ್ಯಾಳಿ. ಒಬ್ಬಳಿಗೆಂದು ಮಾಡಿದರೂ ಮಿಗುತ್ತದೆ. ಅಳತೆ ಇನ್ನೂ ಅವ್ವ ಇದ್ದಾಗಿನದೇ — ಅವಳು ಹೋಗಿ ಮೂರು ವರ್ಷ.

ಮೆಟ್ರೋ ಹಿಡಿದು ಹತ್ತೂವರೆಗೆ ನಾಂಪಲ್ಲಿ. ವಿಚಾರಣಾ ಆಯೋಗದಲ್ಲಿ ದುಭಾಷಿ ಕೆಲಸ, ನಾಲ್ಕನೆಯ ದಿನ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಸರ್ಕಾರ ಕಟ್ಟಿಸುತ್ತಿದ್ದ ಸಭಾಭವನದ ಸ್ಲ್ಯಾಬ್ ನವೆಂಬರಿನಲ್ಲಿ ಕುಸಿದು ಏಳು ಜನ ಸತ್ತರಲ್ಲ, ಅದರ ವಿಚಾರಣೆ. ಏಳೂ ಜನ ದೇವದುರ್ಗದ ಕಡೆಯವರು. ಅವರ ಹೆಂಡಂದಿರಿಗೆ ಹೇಳಿಕೆ ಕೊಡುವಷ್ಟು ತೆಲುಗು ಬಾರದು, ಆಯೋಗಕ್ಕೆ ಕನ್ನಡ ಬಾರದು. ನಡುವೆ ನಾನು.

ಕೆಲಸ ಇಷ್ಟೇ. ಅವರು ಕನ್ನಡದಲ್ಲಿ ಹೇಳುತ್ತಾರೆ, ನಾನು ತೆಲುಗಿನಲ್ಲಿ ಹೇಳುತ್ತೇನೆ, ಟೈಪಿಸ್ಟ್ ಇಂಗ್ಲಿಷಿನಲ್ಲಿ ಒತ್ತುತ್ತಾನೆ. ಕೊನೆಗೆ ಟೈಪಾದದ್ದನ್ನು ನಾನು ಕನ್ನಡದಲ್ಲಿ ಓದಿ ಹೇಳಬೇಕು. ಅವರು ಸರಿ ಎಂದರೆ ಹೆಬ್ಬೆಟ್ಟು. ಕೆಳಗೆ ನನ್ನ ಸಹಿ — ‘ಕನ್ನಡದಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದ್ದಾರೆ.’

ಸುಮತಿ ಮೇಡಂ, ಕೂತ್ಕೊಳ್ಳಿ ಎಂದು ಗುಮಾಸ್ತ ಕುರ್ಚಿ ಎಳೆದು ಕೊಡುತ್ತಾನೆ. ಕನ್ನಡ ಶಾಲೆ ಮುಚ್ಚಿ ರಿಟೈರ್ ಆದ ಮೇಲೆ ನನಗಾಗಿ ಯಾರಾದರೂ ಕುರ್ಚಿ ಎಳೆದದ್ದು ಇದೇ ಮೊದಲು.

ಜನವರಿ 22, ಬುಧವಾರ. ರಾತ್ರಿ 8.30

ಕಾಲು ನೋಯುತ್ತಿವೆ. ಮನಸ್ಸು ಹಗುರ.

ಇವತ್ತು ಗುಂಡಮ್ಮನ ಸರದಿ. ಸತ್ತ ಮೇಸ್ತ್ರಿ ಅಮರಯ್ಯನ ಹೆಂಡತಿ. ಮೂವತ್ತೈದು ಇರಬಹುದು. ನಾನು ಟೀಚರ್ ಆಗಿದ್ದೆ ಎಂದು ತಿಳಿದ ಕೂಡಲೇ ‘ಅಕ್ಕೋರ’ ಎಂದಳು. ಹೈದರಾಬಾದಿನಲ್ಲಿ ಈ ಮಾತು ಕೇಳಿ ಎಷ್ಟು ದಿನವಾಗಿತ್ತು...

ಅಳಲಿಲ್ಲ. ಒಂದೊಂದೇ ಹೇಳಿದಳು. ಕುಸಿಯುವ ಹಿಂದಿನ ದಿನ ಬಿಳಿ ಗಾಡಿಯಲ್ಲಿ ಒಬ್ಬ ಸಾಹೇಬ ಬಂದಿದ್ದ. ಫೋಟೋ ತೋರಿಸಿದರು, ಬೆರಳಿಟ್ಟಳು — ಮಂತ್ರಿಯ ಭಾವಮೈದುನ. ಅವಳು ಅಲ್ಲೇ ಇಟ್ಟಂಗಿ ಹೊರುತ್ತಿದ್ದಳಂತೆ.

“ನಮ್ಮ ಮನೀಯವರು ಕೈಮುಗದು ಹೇಳಿದ್ರು ನೋಡ್ರಿ. ಇನ್ನಾ ಹಸಿ ಐತ್ರಿ ಸಾಹೇಬ್ರ, ಕಂಬ ತಗದ್ರ ಕುಂದ್ರತೈತಿ ಅಂತ. ಸಾಹೇಬ ಕೇಳಲಿಲ್ರಿ. ನಾಡಿದ್ದು ಮಂತ್ರಿಗಳು ಬರ್ತಾರ, ಫೋಟೋದಾಗ ಕಂಬ ಕಾಣಬಾರದು, ಮುಂಜಾನಿ ತಗೀರಿ ಅಂದ.”

ಆಸರೆ ಕಂಬ ತೆಗೆದರು. ಕುಸಿಯಿತು. ನಾನು ಒಂದಕ್ಷರ ಬಿಡದೆ ತೆಲುಗಿನಲ್ಲಿ ಹೇಳಿದೆ. ಟೈಪಿಸ್ಟನ ಬೆರಳು ಓಡುತ್ತಿತ್ತು.

ಮುಗಿಯುವ ಹೊತ್ತಿಗೆ ನಾಲ್ಕು ದಾಟಿತ್ತು. ಟೈಪಾದ ಹಾಳೆ ಒಳಗಿನ ಕೋಣೆಗೆ ಹೋದವು, ಹೊರಗೆ ಬಂದವು. ಒಂಬತ್ತು ಹಾಳೆ. ಓದಿ ಹೇಳಲು ಒಂದು ತಾಸು ಬೇಕು. ಕಿಟಕಿಯಿಂದ ಎದುರಿನ ಮೈದಾನದ ವಸ್ತುಪ್ರದರ್ಶನದ, ನುಮಾಯಿಷ್‌ನ, ದೊಡ್ಡ ತೊಟ್ಟಿಲು ಕಾಣುತ್ತಿತ್ತು, ಆಗಲೇ ತಿರುಗುತ್ತಿತ್ತು. ಆರೂವರೆಗೆ ಅವಳ ಬಸ್ಸು.

“ಅದೇನ್ರಿ ಅಕ್ಕೋರ?” ಎಂದಳು. ಹತ್ತು ವರ್ಷದಿಂದ ಈ ಊರಲ್ಲಿ ಮನೆ ಕಟ್ಟುತ್ತಿದ್ದಾಳೆ, ನುಮಾಯಿಷ್ ನೋಡಿಲ್ಲ. ನಾನೂ ಅವ್ವ ಹೋದ ಮೇಲೆ ಹೋಗಿಲ್ಲ. ಒಬ್ಬಳೇ ಹೋಗಿ ಯಾರಿಗೆ ಬಳೆ ತೋರಿಸಲಿ.

“ಓದಲೇನವಾ?” ಎಂದೆ, ಹಾಳೆ ಕೈಯಲ್ಲಿ ಹಿಡಿದು.

“ನೀವು ಹೇಳಿದ್ರಲ್ಲರಿ, ಅಷ್ಟs ಸಾಕು” ಎಂದು ಹೆಬ್ಬೆಟ್ಟು ಮುಂದೆ ಮಾಡಿದಳು. ಒತ್ತಿದಳು. ಒಂಬತ್ತೂ ಹಾಳೆಗೆ ಅವಳ ಹೆಬ್ಬೆಟ್ಟು, ಕೆಳಗೆ ನನ್ನ ಸಹಿ. ವೇಳೆ ಬರೆಯುವ ಜಾಗ ಖಾಲಿ ಬಿಟ್ಟೆ. ನಾನು ತುಂಬುತ್ತೇನೆ ಮೇಡಂ ಎಂದ ಗುಮಾಸ್ತ.

ನುಮಾಯಿಷ್‌ನಲ್ಲಿ ಮಿರ್ಚಿ ಭಜಿ ತಿಂದೆವು. ಬ್ಯಾಡ್ರಿ ಬ್ಯಾಡ್ರಿ, ಗಂಡ ಸತ್ತು ಎರಡು ತಿಂಗಳಾಗಿಲ್ಲ ಎನ್ನುತ್ತಲೇ ಬಂದಳು. ತೊಟ್ಟಿಲ ಮುಂದೆ ನಿಂತು ತಲೆ ಎತ್ತಿ ನೋಡಿದಳು — ಆಗ ಸ್ವಲ್ಪ ನಕ್ಕಳು. ಯಾರನ್ನೋ ಕೇಳಿ ಇಬ್ಬರದೂ ಒಂದು ಫೋಟೋ ತೆಗೆಸಿದೆ. ನನ್ನ ಫೋನಿನಲ್ಲಿ ನಾನು ಇನ್ನೊಬ್ಬರ ಜೊತೆಗಿರುವ ಫೋಟೋ ಇದೊಂದೇ. ಈಗಷ್ಟೇ ಪೂರಾ ಹುಡುಕಿ ನೋಡಿದೆ.

ಫೆಬ್ರುವರಿ 2, ಭಾನುವಾರ

ಗುಂಡಮ್ಮ ಬಂದಿದ್ದಳು, ಗಚ್ಚಿಬೌಲಿಯಿಂದ ಕೂಕಟ್‌ಪಲ್ಲಿವರೆಗೆ ಎರಡು ಬಸ್ಸು ಬದಲಿಸಿ. ಬರಿಗೈಯಲ್ಲಿ ಹ್ಯಾಂಗ ಬರ್ಲಿ ಎಂದು ಜೋಳದ ಹಿಟ್ಟು ತಂದಿದ್ದಳು. ನನ್ನ ಒಲೆಯ ಮೇಲೆ ರೊಟ್ಟಿ ಬಡಿದಳು. ಕೆಳಗಿನ ಮನೆಯವರು ಏನು ಸದ್ದು ಎಂದು ಮೇಲೆ ಬಂದರು. ರೊಟ್ಟಿ ಎಂದೆ, ದೊಡ್ಡ ಗತ್ತಿನಿಂದ.

ಎರಡು ತಾಟು. ಮಿಗಲಿಲ್ಲ.

ಏಪ್ರಿಲ್ 14, ಸೋಮವಾರ

ಟಿವಿ ಯಾವಾಗಲೂ ಹಚ್ಚಿಯೇ ಇಡುತ್ತೇನೆ. ಮನೆಯಲ್ಲಿ ಒಂದು ದನಿ ಇರಲಿ ಎಂದು. ಇವತ್ತು ಸೊಪ್ಪು ಸೋಸುತ್ತಿದ್ದೆ. ‘ಸಭಾಭವನ ದುರಂತ — ವರದಿ ನಮ್ಮ ಕೈಯಲ್ಲಿ.’ ಆ್ಯಂಕರ್ ಹುಡುಗಿ ಹಾಳೆ ಆಡಿಸುತ್ತಿದ್ದಳು. ತಪ್ಪು ಮೇಸ್ತ್ರಿಯದು. ಯಾರ ಆದೇಶವೂ ಇಲ್ಲದೆ ಕಂಬ ತೆಗೆದ. ಅವನ ಹೆಂಡತಿಯೇ ಹೇಳಿದ್ದಾಳೆ.

ಆಮೇಲೆ ಒಂದು ಪುಟವನ್ನು ಪರದೆಯ ತುಂಬ ಹಿಗ್ಗಿಸಿದರು. ಕೆಂಪು ಗೆರೆ ಎಳೆದಿದ್ದರು. ‘ಕಂಬ ತೆಗೆಯಲು ಯಾರೂ ಹೇಳಿರಲಿಲ್ಲ. ನನ್ನ ಗಂಡ ತಾನಾಗಿಯೇ ತೆಗೆದ.’ ಅದರ ಕೆಳಗೆ ಹೆಬ್ಬೆಟ್ಟು. ಅದರ ಕೆಳಗೆ ನನ್ನ ಸಹಿ.

ಸಹಿಯ ‘ಸು’ವಿನ ಬಾಲ ಯಾವಾಗಲೂ ಉದ್ದ ಎಳೆಯುತ್ತೇನೆ. ನನ್ನದೇ.

ನವೆಂಬರಿನಲ್ಲಿ ಇದೇ ಚಾನೆಲ್ಲಿನವರು ಹೆಣದ ಮುಂದೆ ಕೂತ ಗುಂಡಮ್ಮನ ಬಾಯಿಗೆ ಮೈಕ್ ಹಿಡಿದು ‘ನ್ಯಾಯ ಬೇಕು’ ಎಂದು ಹೇಳಿಸಿದ್ದರು. ಇವತ್ತು ಅದೇ ದೃಶ್ಯ, ಬೇರೆ ಸಂಗೀತ.

ಏಪ್ರಿಲ್ 15

ಗುಂಡಮ್ಮನ ಫೋನು. ಆರು ಸಲ. ಎತ್ತಲಿಲ್ಲ.

ಏಪ್ರಿಲ್ 16

ವರದಿ ಆಯೋಗದ ವೆಬ್‌ಸೈಟಿನಲ್ಲೇ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಒಂಬತ್ತು ಹಾಳೆ ತೆಗೆಸಿದೆ. ಎಂಟು ಹಾಳೆ ಸರಿ ಇವೆ. ಏಳನೆಯದು ಅಲ್ಲ. ಬಿಳಿ ಗಾಡಿ ಇಲ್ಲ, ಸಾಹೇಬ ಇಲ್ಲ, ಕೈಮುಗಿದದ್ದು ಇಲ್ಲ. ಯಾರು ಬದಲಿಸಿದರೋ ಗೊತ್ತಿಲ್ಲ. ಬದಲಿಸಿದ್ದು ಹಿಡಿಯಬೇಕಾದವಳು ಯಾರು ಎಂದು ಗೊತ್ತು. ಕೊನೆಯಲ್ಲಿ ಗುಮಾಸ್ತನ ಅಕ್ಷರ — ‘ಸಂಜೆ 4.30ರಿಂದ 5.25ರವರೆಗೆ ಓದಿ ಹೇಳಲಾಯಿತು.’

ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದೆ, ಉತ್ತರ ಪತ್ರಿಕೆ ಕೊಡುವ ಮುಂಚೆ ಒಮ್ಮೆ ಓದ್ರೋ ಎಂದು.

ಮಧ್ಯಾಹ್ನ ಗುಮಾಸ್ತನ ಫೋನು. ಮೇಡಂ, ಆರೋಗ್ಯವಾ? ಮುಂದಿನ ತಿಂಗಳು ಇನ್ನೊಂದು ವಿಚಾರಣೆ ಇದೆ, ದುಭಾಷಿ ಪಟ್ಟಿಯಲ್ಲಿ ನಿಮ್ಮ ಹೆಸರೇ ಮೇಲೆ. ಆಮೇಲೆ ಮೆತ್ತಗೆ — ಪ್ರೆಸ್ಸಿನವರು ಕೇಳಿದರೆ ಓದಿ ಹೇಳಿದ್ದೀನಿ ಅಂದುಬಿಡಿ, ಇಲ್ಲದಿದ್ದರೆ ನಿಮ್ಮ ಮೇಲೇ ಕೇಸು ಬರುತ್ತೆ.

ಸರಿ ಎಂದೆ. ಹೂಂ, ಎಂದೆ.

ಮೇ 4, ಭಾನುವಾರ

ಏನೂ ಬರೆದಿಲ್ಲ. ಬರೆಯಲು ಕೂತರೆ ಕೈ ಸಹಿ ಹಾಕಿದಂತೆ ಅನ್ನಿಸುತ್ತದೆ.

ಮೆಟ್ಟಿಲ ಮೇಲೆ ಅಂಬುಬಾಯಿ ಸಿಕ್ಕರು, ಬೀದರಿನವರು, ಎರಡನೇ ಮಹಡಿ. ಅದೇ ವಿಷಯ ತೆಗೆದರು. “ಎಲ್ಲಾ ಕಳ್ಳರs ಬಿಡ್ರಿ. ಮಂತ್ರಿನೂ ಕಳ್ಳ, ಟಿವಿಯವ್ರೂ ಕಳ್ಳರು, ಆ ಮೇಸ್ತ್ರಿನೂ ಕಳ್ಳ ಇದ್ದಾನು. ಯಾರನ್ನ ನಂಬೂದ್ರಿ ಈಗ?” ಎಂದು ಹಾಲಿನ ಪ್ಯಾಕೆಟ್ ಹಿಡಿದು ಹೋದರು.

ಒಂದು ಕ್ಷಣ ನನಗೆ ಹಾಯೆನಿಸಿತು. ನಿಜಕ್ಕೂ. ಎಲ್ಲರೂ ಕಳ್ಳರಾದರೆ ನಾನೊಬ್ಬಳು ಎಲ್ಲಿ ಕಾಣುತ್ತೇನೆ. ಬಾಗಿಲು ಹಾಕಿಕೊಂಡ ಮೇಲೆ ನಾಚಿಕೆಯಾಯಿತು. ಅಮರಯ್ಯ ಕಳ್ಳನಲ್ಲ ಎಂದು ಈ ಊರಿನಲ್ಲಿ ಗೊತ್ತಿದ್ದು ಹೇಳಬಲ್ಲವರು ಇಬ್ಬರೇ, ನಾನು ಮತ್ತು ಅವನ ಹೆಂಡತಿ. ಆದರೂ ಮೆಟ್ಟಿಲ ಮೇಲೆ ಬಾಯಿ ಬಿಡಲಿಲ್ಲ.

ಗುಂಡಮ್ಮ ಫೋನು ಮಾಡುವುದು ನಿಲ್ಲಿಸಿ ಹನ್ನೆರಡು ದಿನ.

ಇವತ್ತು ಭಾನುವಾರ. ಡಬ್ಬಿಯಲ್ಲಿ ಅವಳು ತಂದ ಜೋಳದ ಹಿಟ್ಟು ಇನ್ನೂ ಇದೆ. ತೆಗೆದು ನೋಡಿ ಮುಚ್ಚಿದೆ.

ಮೇ 11, ಭಾನುವಾರ

ಹೋದೆ. ಗಚ್ಚಿಬೌಲಿ, ಲೇಬರ್ ಶೆಡ್. ಎದುರಿಗೆ ಮೂವತ್ತು ಮಹಡಿಯ ಗೇಟೆಡ್ ಅಪಾರ್ಟ್‌ಮೆಂಟ್, ಈ ಕಡೆ ತಗಡಿನ ಸಾಲು. ಗುಂಡಮ್ಮನ ಶೆಡ್ಡಿಗೆ ಬೀಗ.

ಪಕ್ಕದಲ್ಲಿ ಶಂಕ್ರಮ್ಮ ಬಟ್ಟೆ ಒಗೆಯುತ್ತಿದ್ದಳು. ಅವಳ ಗಂಡನೂ ಆ ಏಳರಲ್ಲಿ ಒಬ್ಬ. ಆಯೋಗದಲ್ಲಿ ಅವಳ ಹೇಳಿಕೆಯನ್ನೂ ನಾನೇ ತೆಲುಗಿನಲ್ಲಿ ಹೇಳಿದ್ದೆ — ಅವಳದನ್ನು ಓದಿ ಹೇಳಿದ್ದೆ.

“ಆಕೀನ ನಾವs ಓಡಿಸೀವ್ರಿ. ಆಕಿ ಗಂಡ ನಮ್ಮ ಗಂಡಸರನ್ನ ಕೊಂದ. ಆಕೀನs ಬರಿಸ್ಯಾಳ ಹಂಗಂತ. ಆರು ಮನೀ ಹಾಳು ಮಾಡಿದಾಕೀ ಜೋಡಿ ಒಂದs ನಳದಾಗ ನೀರ್ ಹಿಡೀಲೇನು?”

ನಾನು ಹೇಳಿದೆ. ನಿಂತಲ್ಲೇ. ಅವಳು ಹಾಗೆ ಹೇಳಿಲ್ಲ, ಹಾಳೆ ಬದಲಾಗಿದೆ, ನಾನು ಓದದೆ ಸಹಿ ಹಾಕಿದೆ ಎಂದು. ಈ ಮಾತು ಬಾಯಿಂದ ಮೊದಲ ಸಲ ಹೊರಬಿತ್ತು. ದನಿ ನನ್ನದಲ್ಲ ಅನ್ನಿಸಿತು.

ಶಂಕ್ರಮ್ಮ ಬಟ್ಟೆ ಹಿಂಡುವುದು ನಿಲ್ಲಿಸಿ ನನ್ನನ್ನೇ ನೋಡಿದಳು. “ನನಗ್ಯಾಕ ಹೇಳ್ತೀರಿ? ಎಲ್ಲಿ ಬರದ್ರಿ, ಅಲ್ಲಿ ಹೋಗಿ ಹೇಳ್ರಿ.”

ಮೇ 12

ಫೋನು ಮಾಡಿದೆ. ಎತ್ತುತ್ತಾಳೆ ಎಂದುಕೊಂಡಿರಲಿಲ್ಲ.

“ಅಕ್ಕೋರ, ಊಟ ಆತ್ರಿ?”

ಇಪ್ಪತ್ತೆಂಟು ದಿನದ ಮೇಲೆ ಮೊದಲ ಮಾತು ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತುಬಿಟ್ಟೆ. ಅಳು ಮುಗಿದ ಮೇಲೆ ತನ್ನದು ಹೇಳಿದಳು. ಈಗ ಮಿಯಾಪುರದ ಆಚೆ ಬೇರೆ ಕೆಲಸಕ್ಕೆ ಹೋಗುತ್ತಾಳಂತೆ. ಮಾತಾಡಿಸುವವರು ಯಾರೂ ಇಲ್ಲ, ಎಲ್ಲ ಒಡಿಶಾದವರು.

ಹೇಳಬೇಕಾದದ್ದು ಹೇಳಿದೆ.

ಆಮೇಲೆ ಓದಿದೆ. ಒಂಬತ್ತೂ ಹಾಳೆ, ಇಂಗ್ಲಿಷು ನೋಡಿಕೊಂಡು ಕನ್ನಡದಲ್ಲಿ, ನಿಧಾನ. ಹೂಂ, ಹೂಂ ಎನ್ನುತ್ತಿದ್ದಳು. ಏಳನೆಯ ಹಾಳೆಗೆ ಹೂಂ ನಿಂತಿತು.

“ನಾ ಹಂಗ ಅಂದಿಲ್ರಿ.”

“ಗೊತ್ತವಾ.”

“ನೀವು ಅವತ್ತು ಓದಿದ್ರ ನಾ ಅವತ್ತs ಅಂತಿದ್ದೆ.”

ಉಳಿದ ಎರಡು ಹಾಳೆ ಓದಿ ಎಂದಳು. ಓದಿದೆ. ಐವತ್ತೆರಡು ನಿಮಿಷ ಹಿಡಿಯಿತು.

ಮೇ 19, ಸೋಮವಾರ

ಬಸವಕಿರಣನ ಆಫೀಸು, ನಾಂಪಲ್ಲಿ. ನನ್ನ ಹಳೆಯ ವಿದ್ಯಾರ್ಥಿ, ಈಗ ವಕೀಲ, ಹೊಟ್ಟೆ ಬಂದಿದೆ. ಎದ್ದು ನಿಂತ. ಕೇಳಿದ ಮೇಲೆ ಕೂತ.

ಅಫಿಡವಿಟ್ಟು ಮಾಡಬಹುದು, ಅದನ್ನಿಟ್ಟು ಹೈಕೋರ್ಟಿಗೆ ಹೋಗಬಹುದು ಎಂದ. ಆದರೆ ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದೆ ಎಂದು ನೀವೇ ಬರೆದುಕೊಟ್ಟಂತೆ.

“ಅಕ್ಕೋರ, ಒಂದ್ ಮಾತು. ಸ್ವಲ್ಪ ಓದಿದೆ, ಸ್ವಲ್ಪ ಬಿಟ್ಟೆ ಅಂತ ಹಾಕೋಣ್ರಿ. ನಿಮಗ ತ್ರಾಸ್ ಕಡಿಮಿ ಆಗ್ತೈತಿ.”

“ಎಷ್ಟು ಓದಿದ್ದೆ ಅಂತ ಹಾಕ್ತಿ? ಒಂದು ಹಾಳಿನೂ ಓದಿಲ್ಲಪ.”

ಪೆನ್ನು ಕೆಳಗಿಟ್ಟ. “ಓದಿಲ್ಲ ಅನ್ನಾಕ ಸಾಕ್ಷಿ ಏನೈತ್ರಿ? ಮಂತ್ರಿ ಕಡೆಯವ್ರು ನಿಮಗ ರೊಕ್ಕ ಮುಟ್ಟೈತಿ ಅಂತಾರ. ಟಿವಿಯವ್ರು ಸಂಜಿಗೇ ಹಚ್ಚತಾರ.”

ಫೋನು ತೆಗೆದೆ. ತೊಟ್ಟಿಲ ಮುಂದೆ ಗುಂಡಮ್ಮ, ನಾನು. ಅವಳು ಮೇಲೆ ನೋಡುತ್ತಿದ್ದಾಳೆ, ನಾನು ಅವಳನ್ನು. ಕೆಳಗೆ ತಾರೀಖು, ವೇಳೆ — ಜನವರಿ 22, ಸಂಜೆ 4.51.

ಅವನು ಹಾಳೆಯ ಮೇಲಿನ 4.30, 5.25 ನೋಡಿದ. ಫೋಟೋ ನೋಡಿದ. ಮತ್ತೆ ನನ್ನನ್ನು ನೋಡಿದ.

“ಇದನ್ನ ಹಚ್ಚಿದ್ರ, ಅಕ್ಕೋರ, ಎಲ್ಲಾ ಟಿವಿನಾಗೂ ಬರ್ತೈತಿ. ಓದೂದು ಬಿಟ್ಟು ಜಾತ್ರಿ ಮಾಡಾಕ ಹೋದ್ಲು ಅಂತಾರ.”

“ಹೋಗಿದ್ದೆನಲ್ಲ” ಎಂದೆ.

ಬರುವಾಗ ಮೆಟ್ರೋದಲ್ಲಿ ಮತ್ತೆ ನೋಡಿದೆ. ನನ್ನ ಪಾಲಿಗೆ ಇದ್ದ ಒಂದೇ ಫೋಟೋ. ಇನ್ನು ಇದು ಅನುಬಂಧ ಎರಡು.

ಮೇ 22

ಗುಂಡಮ್ಮನಿಗೆ ಫೋನು ಮಾಡಿ ಹೇಳಿದೆ, ನಾಳೆ ಅಫಿಡವಿಟ್ಟಿಗೆ ಸಹಿ, ಫೋಟೋದಲ್ಲಿ ನೀನೂ ಇದ್ದೀ, ನಗುತ್ತಿದ್ದೀ, ಜನ ಏನೇನೋ ಅಂದಾರು.

“ಅಂದ್ರ ಅನ್ಲಿರಿ. ಕೊಲಿ ಮಾಡಿದವನ ಹೆಂಡ್ತಿ ಅಂತ ಅನ್ನಾಕತ್ತಾರಲ್ಲ, ಅದಕ್ಕಿಂತ ಇದು ಎಷ್ಟೋ ವಾಸಿ.” ಆಮೇಲೆ, “ನಾಳೆ ನಾನೂ ಬರ್ತೀನಿ. ನೀವು ಒಬ್ಬರs ಹೋಗಬ್ಯಾಡ್ರಿ.”

ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವಿಲ್ಲ.

ಮೇ 23, ಶುಕ್ರವಾರ. ಬೆಳಿಗ್ಗೆ 11.40

ನೋಟರಿಯ ಬೆಂಚು. ನಮ್ಮ ಮುಂದೆ ಇನ್ನೂ ನಾಲ್ಕು ಜನ. ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ.

ಗುಂಡಮ್ಮ ಪಕ್ಕದಲ್ಲಿ, ನಡುವೆ ಒಂದು ಗೇಣು ಜಾಗ ಬಿಟ್ಟು. ಅಫಿಡವಿಟ್ಟು ಅವಳೇ ಹಿಡಿದಿದ್ದಾಳೆ. ಬಂದ ಕೂಡಲೇ ಅವಳಿಗೆ ಅದನ್ನು ಪೂರಾ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಅಮರಯ್ಯ ಕೈಮುಗಿದ ಸಾಲು ಬಂದಾಗ ಮೂರನೆಯ ಸಲ.

ಸರದಿ ಬರುವ ತನಕ ಈ ಪುಸ್ತಕ ತೆಗೆದು ಗೀಚುತ್ತಿದ್ದೇನೆ. ಅವಳು ನೋಡುತ್ತಿದ್ದಾಳೆ.

“ಅದೇನು ಬರ್ಯಾಕತ್ತೀರಿ?”

ಏನಿಲ್ಲ, ನನ್ನಷ್ಟಕ್ಕೆ ನಾನು ದಿನಾ ಬರೆಯೋದು ಎಂದೆ.

“ನಂದೂ ಐತ್ರಿ ಅದರಾಗ?”

ಇದೆ ಎಂದೆ.

“ಹಂಗಾರ ಓದ್ರಿ.”

ಇದನ್ನು ಯಾರಿಗೂ ಓದಿಲ್ಲ. ಅವ್ವನಿಗೂ. ಯಾವ ದಿನದ್ದು ಓದಲಿ ಎಂದೆ.

“ತೊಟ್ಟಿಲದ ದಿನದ್ದು. ಬಿಡದs ಓದ್ರಿ.”

ಜಾಗ ಬಿಟ್ಟವಳು ಹತ್ತಿರ ಸರಿದು ಕೂತಿದ್ದಾಳೆ. ಇನ್ನು ಬರೆಯಲಾರೆ, ಪುಟ ಹಿಂದಕ್ಕೆ ತಿರುವಬೇಕು. ಜನವರಿ ಇಪ್ಪತ್ತೆರಡಕ್ಕೆ.