ಧಾರೆ ಮಂಟಪದ ಹಿಂದಿನ ಬಂಡೆ

೨೪೮೬ನೇ ಇಸವಿ, ಫೆಬ್ರವರಿ ೩೧
ಎಂಟನೇ ಲೆವೆಲ್, ನೆಲದಿಂದ ಎರಡು ಮೈಲಿ ಕೆಳಗೆ

ಪೂಜ್ಯ ಹಿರಿಯರಿಗೆ ಮುನಿಚೌಡಮ್ಮನ ನಮಸ್ಕಾರಗಳು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಫೆಬ್ರವರಿಗೆ ಮೂವತ್ತೊಂದು ದಿನ ಕೊಟ್ಟದ್ದು ನಮ್ಮ ಕಾಲದ ಸರ್ಕಾರ, ಅದಕ್ಕೆ ನನ್ನನ್ನು ಬೈಯಬೇಡಿ.

ನೀವು ಚಿನ್ನ ತೆಗೆದು ಬಿಟ್ಟುಹೋದ ಗಣಿಯಲ್ಲೇ ನಾವು ಸಂಸಾರ ಮಾಡುತ್ತಿದ್ದೇವೆ. ಮೇಲಿನ ಬಿಸಿಲಿಗೆ ಒಣಹಾಕಿದ ಹಪ್ಪಳವೂ ಹೊತ್ತಿಕೊಳ್ಳುತ್ತದೆ. ಇಲ್ಲಿ ಮದುವೆಗೆ ಜಾತಕ ಕೂಡಿದರೆ ಸಾಲದು, ಮಂಟಪದ ಬಂಡೆಯೂ ಒಪ್ಪಬೇಕು. ಹೆಣ್ಣಿನ ಕಡೆಯವರು ಗೋಡೆಯ ಒಂದು ತುದಿಗೆ ಸುತ್ತಿಗೆಯಿಂದ ಹೊಡೆಯುತ್ತಾರೆ. ಗಂಡಿನ ಕಡೆಯವರು ಇನ್ನೊಂದು ತುದಿಗೆ ಬಂಡೆಗಿವಿ, ಅಂದರೆ ಕಂಪನ ಅಳೆಯುವ ಯಂತ್ರ, ಅಂಟಿಸಿ ಕಾಯುತ್ತಾರೆ. ಗಟ್ಟಿ ಬಂಡೆಯಾದರೆ ಏಟಿನ ಕಂಪನ ಚೆನ್ನಾಗಿಯೇ ತಲುಪುತ್ತದೆ. ಒಳಗೆ ಬಿರುಕಿದ್ದರೆ ದಾರಿಯಲ್ಲೇ ಸೊರಗುತ್ತದೆ. ಎಷ್ಟು ಸೊರಗಿತೋ ಬಂಡೆ ಅಷ್ಟು ಕೆಟ್ಟದ್ದು.

ನನ್ನ ಮಗಳು ಪದ್ಮಿನಿಯ ಮದುವೆಯಲ್ಲಿ ನಾನೇ ಹೊಡೆದೆ. ಆ ತುದಿಯಲ್ಲಿ ಕೂತಿದ್ದ ಗಂಡಿನ ಸೋದರಮಾವ ಪಿಳ್ಳಪ್ಪನವರು ಮುಖ ಸಿಂಡರಿಸಿದರು. "ಏನಮ್ಮಾ, ಹೆಣ್ಣಿನ ಕಡೆಯೋರು ಊಟ ಮಾಡಿಲ್ವಾ? ಒಂದೇಟೂ ಬರ್ತಿಲ್ಲ!" ನನಗೆ ಮೈ ಉರಿದುಹೋಯಿತು. ಮೂವತ್ತು ವರ್ಷ ಬಂಡೆ ಪರೀಕ್ಷೆಯಲ್ಲೇ ಕೂದಲು ನರೆಸಿಕೊಂಡವಳು ನಾನು. ಆದರೂ ಕಲಿತದ್ದೆಲ್ಲ ಮರೆತು, ಮಾನದ ಪ್ರಶ್ನೆ ಮಾಡಿಕೊಂಡು, ಸುತ್ತಿಗೆಯ ಹಿಡಿ ಮುರಿಯುವವರೆಗೆ ಹೊಡೆದೆ. ಏನೂ ಬರಲಿಲ್ಲ. ಜಾಗ ಬದಲಾಯಿಸಿದೆವು. ಪಿಳ್ಳಪ್ಪನವರು ಬೇರೆ ಸುತ್ತಿಗೆ ತಂದು ಹೊಡೆದರು, ಬೆವರಿದರು, ಪಂಚೆ ಎತ್ತಿ ಕಟ್ಟಿ ಮತ್ತೆ ಹೊಡೆದರು. ಬಂಡೆಗಿವಿ ನಿದ್ದೆ ಹೊಡೆಯುತ್ತಲೇ ಇತ್ತು. ನನಗೆ ಎಷ್ಟು ಹಾಯೆನಿಸಿತೆಂದರೆ, ಅದರ ಅರ್ಥ ಹೊಳೆಯುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು.

ಸುತ್ತಿಗೆಯ ಪಕ್ಕದಲ್ಲೇ ಇನ್ನೊಂದು ಬಂಡೆಗಿವಿ ಅಂಟಿಸಿದೆ. ಅದು ಕುಣಿಯಿತು, ದೂರದ್ದು ಅಲುಗಲಿಲ್ಲ. ಕೈ ಯಾರದಾದರೇನು, ಕಂಪನ ನಡುವೆ, ಧಾರೆ ಎರೆಯುವ ಜಾಗದ ಹಿಂದೆಯೇ ಸೊರಗುತ್ತಿತ್ತು. ಮುಹೂರ್ತಕ್ಕೆ ಎರಡು ಗಂಟೆ ಉಳಿದಿತ್ತು. ಬೀಗರಿಂದ ಬಾಯಿಗೆ ಬಂದಂತೆ ಬೈಸಿಕೊಂಡು, ಸಾರಿನ ಕೊಳದಪ್ಪಲೆ ಸಮೇತ ಇಡೀ ಮದುವೆಯನ್ನು ಏಳನೇ ಲೆವೆಲ್ಲಿಗೆ ಸಾಗಿಸಿದೆ. ಗೊಣಗುತ್ತಲೇ ಪಿಳ್ಳಪ್ಪನವರೂ ದಪ್ಪಲೆಯ ಒಂದು ಬದಿ ಹಿಡಿದರು.

ಮೂರನೇ ದಿನ ಆ ಮಂಟಪ ಕುಸಿಯಿತು. ಗೋಡೆಯ ಹಿಂದೆ ನಿಮ್ಮ ಕಾಲದ ಸುರಂಗ ಬಾಯಿ ತೆರೆದಿತ್ತು. ಅದು ಯಾವ ನಕ್ಷೆಯಲ್ಲೂ ಇಲ್ಲ. ಒಳಗೆ ‘ಸುರಕ್ಷತೆಯೇ ಮೊದಲು’ ಎಂದು ಬರೆದ ತಗಡೊಂದು ನೇತಾಡುತ್ತಿತ್ತು. ಪಿಳ್ಳಪ್ಪನವರು ಓದಿ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಆಮೇಲೆ ಅವಸರದಲ್ಲಿ ಅಲ್ಲೇ ಬಿಟ್ಟುಬಂದಿದ್ದ ಹಸೆಮಣೆ ಕಣ್ಣಿಗೆ ಬಿತ್ತು. ಪುಡಿಪುಡಿಯಾಗಿತ್ತು.

ಹಿರಿಯರೇ, ಚಿನ್ನವನ್ನೆಲ್ಲ ನೀವೇ ಇಟ್ಟುಕೊಳ್ಳಿ, ನಮಗೆ ಬೇಡ. ಕೊರೆದ ಕಡೆಯೆಲ್ಲ ನಕ್ಷೆಯಲ್ಲಿ ಒಂದು ಗೆರೆ ಎಳೆಯಿರಿ. ಆ ಮಣೆಯ ಮೇಲೆ ನನ್ನ ಮಗಳು ಕೂರಬೇಕಿತ್ತು.